ಕರೆಂಟು ಹೋದರೂ ಏಳದ ಕೂಸು

ಬನಹಟ್ಟಿ
ಸೋಮವಾರ, ೧೨ ಆಗಸ್ಟ್ ೨೦೨೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಹಾಗೆ, ಬನಹಟ್ಟಿಯ ಅಜಯನು ಇಚಲಕರಂಜಿಯಲ್ಲಿ ಮಂದಿಯ ಮಗ್ಗ ರಿಪೇರಿ ಮಾಡುತ್ತ ವಾಸವಾಗಿರುವ ತನ್ನ ಹಿರಿಯ ಸಹೋದರನಿಗೆ ಬರೆಯುತ್ತಿರುವ ಮೊದಲನೆಯ ಪತ್ರಿಕೆ ಇದು. ನಿನಗೆ ಶಾಂತಿ ಉಂಟಾಗಲಿ. ಆರಾಮ ಇದ್ದೀಯಾ? ಅರಳೆ ಧೂಳಿನ ಕೆಮ್ಮು ಕಡಿಮೆ ಆಯಿತೋ, ಇಲ್ಲ ಇನ್ನೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಗಂಡಸಿಗೆ ಒಪ್ಪುವುದಿಲ್ಲ ಅಂತ ಹಾಗೇ ಕೆಮ್ಮುತ್ತಿದ್ದೀಯೋ? ಖಾನಾವಳಿಯವನು ಈಗಲಾದರೂ ರೊಟ್ಟಿ ಬಿಸಿ ಕೊಡುತ್ತಾನೋ? ಅವ್ವ ಕೇಳೆಂದಿದ್ದಾಳೆ. ನಾನಾಗಿದ್ದರೆ ರೊಟ್ಟಿಯ ವಿಷಯ ಕೊನೆಗೆ ಕೇಳುತ್ತಿದ್ದೆ, ಆದರೆ ಈ ಮನೆಯಲ್ಲಿ ಯಾವುದು ಮೊದಲು ಯಾವುದು ಕೊನೆಗೆ ಅನ್ನುವುದನ್ನು ನಿರ್ಧರಿಸುವವನು ನಾನಲ್ಲ.

ಕೈಯಲ್ಲಿ ಫೋನ್ ಇರುವಾಗ ಕಾಗದ ಯಾಕೆ ಅಂತ ನೀನು ಈಗಾಗಲೇ ಹಣೆ ಗಂಟು ಹಾಕಿರುತ್ತೀ. ಕೆ.ಇ.ಬಿ. ಸಾಹೇಬರ ದನಿಯಲ್ಲಿ ನಾನು ನಿನಗೆ ಫೋನ್ ಮಾಡಿ, ನಿಮ್ಮ ಮನೆಯ ಮಗ್ಗಗಳು ಸರಕಾರದ ಕರೆಂಟು ಕದ್ದು ತಿನ್ನುತ್ತಿವೆ ಅಂತ ಹೇಳಿ ನಿನ್ನನ್ನು ಅರ್ಧ ದಾರಿಯವರೆಗೆ ಓಡಿಸಿದ ಮೇಲೆ, ನೀನು ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದೀ. ನ್ಯಾಯ. ವಾಟ್ಸ್ಯಾಪಿನಲ್ಲಿ ದನಿ ಕಳಿಸಿದರೆ ತೆರೆಯುವುದಿಲ್ಲ. ಅದೂ ನ್ಯಾಯ. ಆದರೆ ಕಾಗದಕ್ಕೆ ಒಂದು ಗುಣವುಂಟು: ಅರ್ಧಕ್ಕೇ ಕಟ್ ಮಾಡುವುದಕ್ಕೆ ಅದರಲ್ಲಿ ಕೆಂಪು ಗುಂಡಿ ಇಲ್ಲ. ಹರಿದರೂ ಹರಿಯುವ ಮುಂಚೆ ಒಂದೆರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ. ಆ ಒಂದೆರಡು ಸಾಲು ಇಲ್ಲೇ ಬರೆದುಬಿಡುತ್ತೇನೆ, ಆಮೇಲೆ ನಿನ್ನ ಇಷ್ಟ. ನಿನ್ನ ಮಗ ಸಮುವೇಲನಿಗೆ, ನಾವೆಲ್ಲ ಸಮ್ಯಾ ಅನ್ನುವ ಆ ರಾಜನಿಗೆ, ಕಿವಿ ಕೇಳುವುದಿಲ್ಲ ಅಂತ ಅಜ್ಜ ಹೇಳಿದ. ಯಾರೂ ಕೇಳಲಿಲ್ಲ. ಅಜ್ಜ ಮಾತು ಬಿಟ್ಟಿದ್ದಾನೆ.

ನೀನು ಹಲ್ಲು ಕಡಿಯುತ್ತಿರುವುದು ಇಲ್ಲಿಯವರೆಗೂ ಕೇಳಿಸುತ್ತಿದೆ. ಸ್ವಲ್ಪ ತಡಿ.

ಅದು ಶುರುವಾದದ್ದು ಹೀಗೆ. ನಮ್ಮ ಓಣಿಯ ಕೂಸುಗಳ ಜಾತಕ ನಿನಗೆ ಗೊತ್ತೇ ಇದೆ. ಬೇರೆ ಊರಿನಲ್ಲಿ ಸಪ್ಪಳವಾದರೆ ಕೂಸು ಏಳುತ್ತದೆ, ನಮ್ಮಲ್ಲಿ ಸಪ್ಪಳ ನಿಂತರೆ ಏಳುತ್ತದೆ. ಮಗ್ಗದ ಖೋಲಿಯಲ್ಲೇ ತೊಟ್ಟಿಲು ಕಟ್ಟಿ, ಖಟ್ ಖಟ್ ಖಟ್ ಅನ್ನುವುದನ್ನೇ ಜೋಗುಳ ಮಾಡಿಕೊಂಡು ಬೆಳೆದವರು ನಾವು. ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಂದೇ ಸಲ ಬಾಯಿ ಮುಚ್ಚಿದವು, ಇಡೀ ಓಣಿಯ ಕೂಸುಗಳು ಒಂದೇ ಸಲ ಬಾಯಿ ತೆರೆದವು. ನಮ್ಮ ಸಮ್ಯಾ ಮಾತ್ರ ತೊಟ್ಟಿಲಲ್ಲಿ ಬೆರಳು ಚೀಪುತ್ತ ಮಲಗಿದ್ದ. ಪಕ್ಕದ ಮನೆಯ ಗುರುಬಸವ್ವ ಅಳುವ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ಇಣುಕಿ ನೋಡಿ, ‘ಯವ್ವಾ, ನಿಮ್ಮ ಸಮ್ಯಾ ಭಾರಿ ಶಾಣ್ಯಾ ಅದಾನ ನೋಡ. ನಮ್ಮದು ಕರೆಂಟ್ ಹೋತಂದ್ರ ಓಣಿಗಿ ಓಣಿನ ಎದ್ದು ಕುಂದ್ರುಹಂಗ ಒದರತೈತಿ’ ಅಂದಳು. ಅವ್ವನ ಮುಖ ಹಬ್ಬದ ಹೋಳಿಗೆಯ ಹಾಗೆ ಉಬ್ಬಿತು. ದೃಷ್ಟಿ ತಾಗೀತು ಅಂತ ಅವಳು ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಮಾತ್ರ ಎದ್ದು ಬಂದು, ಸೆರಗು ಸರಿಸಿ, ಬಹಳ ಹೊತ್ತು ನೋಡಿದ.

ಅಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಜ್ಜ ಮೊದಲ ಸಲ ಹೇಳಿದ: ‘ಕೂಸಿಗಿ ಕೇಳಸೂದಿಲ್ಲ. ಡಾಕ್ಟರ್‌ಗ ತೋರಸ್ರಿ.’ ಅವ್ವ, ‘ಮಾವಾ, ಒಳ್ಳೇದರ ನುಡೀರಿ, ಹೊತ್ತ ಮುಳಗೂ ಯಾಳ್ಯಾದಾಗ ಕೂಸಿಗಿ ಇಂಥಾ ಮಾತ ಆಡಬ್ಯಾಡ್ರಿ’ ಅಂದಳು. ಅಪ್ಪ ನನ್ನ ಕಡೆ ನೋಡಿ, ‘ತನ್ನ ಕಿವೀನ ನೆಟ್ಟಗ ಕೇಳಂಗಿಲ್ಲ, ಮರಿಮೊಮ್ಮಗನ ಕಿವಿ ನೋಡಾಕ ಬಂದಾನ’ ಅಂದ. ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ, ಮಾತು ಚೆನ್ನಾಗಿತ್ತು. ಆದರೆ ಅಣ್ಣಾ, ಅಜ್ಜನಿಗೆ ಗೊತ್ತಾದದ್ದು ಅದರಿಂದಲೇ. ಜನ್ಮವೆಲ್ಲ ಮಗ್ಗದ ಮುಂದೆ ಕೂತು ಕಿವಿ ಅರ್ಧ ಕಳೆದುಕೊಂಡವನು, ಮಂದಿ ಮಾತಾಡಿದಾಗ ಮೊದಲು ತುಟಿ ನೋಡುತ್ತಾನೆ, ಆಮೇಲೆ ಕೈ. ತೊಟ್ಟಿಲಲ್ಲಿದ್ದವನೂ ಹಾಗೇ ನೋಡುತ್ತಾನೆ ಅನ್ನುವುದು ಅವನಿಗಲ್ಲದೆ ಇನ್ನಾರಿಗೆ ಹೊಳೆಯಬೇಕು?

ಇಷ್ಟು ದಿನ ನಮಗ್ಯಾಕೆ ಗೊತ್ತಾಗಲಿಲ್ಲ ಅಂತ ನೀನು ಕೇಳಬಹುದು. ಗೊತ್ತಾಗುವುದು ಹೇಗೆ? ಈ ಮನೆಯಲ್ಲಿ ಯಾರು ಯಾರನ್ನು ಬಾಯಿಂದ ಕರೆಯುತ್ತಾರೆ ಹೇಳು. ಮಗ್ಗ ನಡೆಯುತ್ತಿರುವಾಗ ಚಹಾ ಬೇಕೆಂದರೆ ಹೆಬ್ಬೆರಳು ತುಟಿಗೆ, ಎಳೆ ಹರಿದರೆ ಎರಡು ಬೆರಳು ತಿಕ್ಕುವುದು, ಮಗ್ಗ ನಿಲ್ಲಿಸೆಂದರೆ ಅಂಗೈ ಅಡ್ಡ. ದೂರ ಇದ್ದವರನ್ನು ಕರೆಯಬೇಕಾದರೆ ನೂಲಿನ ಉಂಡೆ ಎಸೆಯುತ್ತೇವೆ. ಸಮ್ಯಾ ಇದನ್ನೆಲ್ಲ ನಮಗಿಂತ ಚುರುಕಾಗಿ ಕಲಿತ. ಊಟಕ್ಕೆ ಅಂತ ಕೈ ಮಾಡಿದರೆ ಓಡಿ ಬರುತ್ತಾನೆ, ಬೇಡ ಅಂತ ಅಂಗೈ ಅಡ್ಡ ಹಿಡಿದರೆ ನಿಲ್ಲುತ್ತಾನೆ. ಬೇರೆ ಯಾವುದೇ ಮನೆಯಲ್ಲಿ ಹುಟ್ಟಿದ್ದರೂ ಆರು ತಿಂಗಳಲ್ಲಿ ಗೊತ್ತಾಗುತ್ತಿತ್ತು. ನೇಕಾರರ ಮನೆಯಲ್ಲಿ ಹುಟ್ಟಿದ, ಎರಡು ತುಂಬಿ ಮೂರು ನಡೆಯುತ್ತಿದೆ, ಎಲ್ಲರೂ ‘ಎಷ್ಟ ಮಾತ ಕೇಳತಾನ ನೋಡ ನಮ್ಮ ಹುಡುಗ’ ಅಂತಲೇ ಹೊಗಳುತ್ತಿದ್ದಾರೆ. ಬಾಯಿ ಬಂದಿಲ್ಲವಲ್ಲ ಅಂದರೆ ಅವ್ವನ ಉತ್ತರ ಸಿದ್ಧ: ‘ನಮ್ಮ ಮನ್ಯಾಗ ಗಂಡಹುಡುಗ್ರು ತಡಾನ ಮಾತಾಡತಾರ. ಅಜಯಾ ಮೂರಕ್ಕ ಮಾತಾಡ್ಯಾನ, ಈಗ ಬಾಯಿ ಮುಚ್ಚವಲ್ಲ.’ ನನ್ನನ್ನೇ ಸಾಕ್ಷಿಗೆ ನಿಲ್ಲಿಸುತ್ತಾಳೆ, ನನ್ನ ಸಾಕ್ಷಿ ಮಾತ್ರ ಕೇಳುವುದಿಲ್ಲ.

ಅಜ್ಜ ಎರಡನೆಯ ಸಲ ಹೇಳಿದ, ಮೂರನೆಯ ಸಲ ಹೇಳಿದ. ಆಮೇಲೆ ಒಂದು ಭಾನುವಾರ ನಿನ್ನ ಫೋನ್ ಬಂತು. ಅವ್ವ ಸ್ಪೀಕರ್ ಹಾಕಿದ್ದಳು. ಅಜ್ಜ ಫೋನಿನ ಮುಂದೆ ಬಾಗಿ, ಚರ್ಚಿನಲ್ಲಿ ಪಾಠ ಓದುವ ದನಿಯಲ್ಲಿ, ಒಂದೊಂದೇ ಶಬ್ದ ಬಿಡಿಸಿ ನಿನಗೆ ಹೇಳಿದ. ಆಗ ನೀನು ಏನಂದೆ ನೆನಪಿದೆಯೇ? ನಮಗೆಲ್ಲ ಕೇಳಿಸಿತು. ಅಜ್ಜನಿಗೂ ಕೇಳಿಸಿತು, ಅದೊಂದು ಅವನಿಗೆ ಸರಿಯಾಗಿಯೇ ಕೇಳಿಸಿತು. ‘ಅಜ್ಜಾ, ನನ್ನ ಮಗಾಗ ಏನೂ ಆಗಿಲ್ಲ. ನೀ ಸುಮ್ಮ ಕೂಡು.’

ಕೂತ. ಅಂದಿನಿಂದ ಸುಮ್ಮನೇ ಕೂತಿದ್ದಾನೆ.

ಸಂಡೇ ಸ್ಕೂಲಿನಲ್ಲಿ ಯೆಹೆಜ್ಕೇಲ ಪ್ರವಾದಿಯ ಕಥೆ ಬಂದಾಗ ನಾವಿಬ್ಬರೂ ಬೆಂಚಿನ ಕೆಳಗೆ ತಲೆ ಹಾಕಿ ನಕ್ಕಿದ್ದೆವಲ್ಲ. ಜನ ಕೇಳುವುದಿಲ್ಲವೆಂದು ದೇವರು ಹೇಳುವವನ ನಾಲಿಗೆಯನ್ನೇ ಬಾಯಿಯ ಅಂಗುಳಕ್ಕೆ ಅಂಟಿಸುತ್ತಾನೆ. ಆಮೇಲೆ ಆ ಮನುಷ್ಯ ಇಟ್ಟಿಗೆಯ ಮೇಲೆ ಊರಿನ ಚಿತ್ರ ಬರೆದು, ಒಂದೇ ಮಗ್ಗುಲಿಗೆ ಮಲಗಿ, ಬಾಯಿಂದ ಹೇಳಲಾಗದ್ದನ್ನೆಲ್ಲ ಮೈಯಿಂದ ಮಾಡಿ ತೋರಿಸುತ್ತಾನೆ. ಇದೆಂಥ ಪ್ರವಾದಿ, ನಾಟಕದ ಕಂಪನಿಗೆ ಸೇರಬೇಕಿತ್ತು ಅಂತ ನೀನೇ ಅಂದಿದ್ದೆ. ಈಗ ಆ ಕಂಪನಿ ನಮ್ಮ ಮನೆಯಲ್ಲೇ ಬಿಡಾರ ಹೂಡಿದೆ. ನಟ ನಮ್ಮ ಲಗಮಪ್ಪ ಅಜ್ಜ, ಪಾತ್ರ ಯೆಹೆಜ್ಕೇಲ. ಪ್ರೇಕ್ಷಕರು ಮಾತ್ರ ಆಗಿನವರೇ.

ಪ್ರವಾದಿ ಮೌನ ಹಿಡಿದರೆ ಜನ ಅಂಜಬೇಕು ಅಂತ ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಏನಾಯಿತು ಗೊತ್ತೇ? ಮೊದಲನೆಯ ವಾರ ಯಾರಿಗೂ ಗೊತ್ತೇ ಆಗಲಿಲ್ಲ. ಎರಡನೆಯ ವಾರ ಅಪ್ಪ, ‘ಮನಿ ತಣ್ಣಗ ಆಗೇತಿ ನೋಡ’ ಅಂತ ಸಂತೋಷಪಟ್ಟ. ಆಮೇಲೆ ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಿದರು. ಶುಗರ್ ಅಂತ ಚಹಾಕ್ಕೆ ಸಕ್ಕರೆ ಬಂದ್ ಮಾಡಿದ್ದಕ್ಕೆ ಸಿಟ್ಟು ಅಂತ ಅವ್ವ. ಹಲ್ಲಿನ ಸೆಟ್ಟು ಸಡಿಲಾಗಿದೆ ಅಂತ ಅಪ್ಪ. ‘ವಯಸ್ಸಾತಲ್ಲ, ಹಿಂಗ ಒಂದೊಂದ ಬಾಗಲಾ ಮುಚ್ಚಕೋತ ಹೋಗತಾವ’ ಅಂತ ಗುರುಬಸವ್ವ. ಖರೆ ಕಾರಣ ನಾನು ಹೇಳಿದೆ, ಎದ್ದು ನಿಂತು ಹೇಳಿದೆ. ಅಪ್ಪ ನನ್ನ ಮುಖ ನೋಡಿ, ‘ಇದು ಯಾವ ಹೊಸಾ ನಾಟಕ ತಗದೀಲೇ’ ಅಂದ.

ಅಣ್ಣಾ, ನನ್ನ ಸಂಕಟ ಇಲ್ಲಿದೆ. ಪ್ರವಾದಿಯ ಮಾತನ್ನು ನಂಬಿದವನು ಇಡೀ ಮನೆಯಲ್ಲಿ ಒಬ್ಬನೇ, ಮತ್ತು ಅವನ ಮಾತನ್ನು ಇಡೀ ಬನಹಟ್ಟಿಯಲ್ಲಿ ಯಾರೂ ನಂಬುವುದಿಲ್ಲ. ದೇವರು ಇದಕ್ಕಿಂತ ಒಳ್ಳೆಯ ವಕ್ತಾರನನ್ನು ಹುಡುಕಬಹುದಿತ್ತು.

ಆದರೂ ಅಜ್ಜ ಬಿಡಲಿಲ್ಲ. ಒಂದು ಮುಂಜಾನೆ ಹಿತ್ತಲಿನಿಂದ ಒಂದು ಇಟ್ಟಿಗೆ ತಂದು, ತೊಳೆದು, ಸುಣ್ಣದ ಕಡ್ಡಿಯಿಂದ ಅದರ ಮೇಲೆ ಒಂದು ದೊಡ್ಡ ಕಿವಿಯನ್ನು ಬರೆದು, ಟಿ.ವಿ.ಯ ಮುಂದೆ ಇಟ್ಟ. ಕಿವಿ ಚೆನ್ನಾಗಿಯೇ ಬಂದಿತ್ತು. ನಾನು ಪಕ್ಕದಲ್ಲಿ ನಿಂತು, ಕೈ ಕಟ್ಟಿಕೊಂಡು, ‘ಇಸ್ರಾಯೇಲರೇ, ಈ ಇಟ್ಟಿಗೆಯನ್ನು ನೋಡಿರಿ’ ಅಂತ ಸಾರಿದೆ. ಅವ್ವ ನೋಡಿದಳು. ನೋಡಿ, ಎತ್ತಿಕೊಂಡು ಹೋಗಿ, ಬೆಕ್ಕು ಬಾಯಿ ಹಾಕದಂತೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಹೇರಿದಳು. ಇವತ್ತಿಗೂ ಅಲ್ಲೇ ಇದೆ. ಬೆಕ್ಕಿಗೆ ಮಾತ್ರ ಆ ಪ್ರವಾದನೆ ಅರ್ಥವಾಗಿದೆ, ಹತ್ತಿರ ಸುಳಿಯುವುದಿಲ್ಲ.

ಅಜ್ಜನ ನಾಲಿಗೆ ಸಡಿಲಾಗಲಿ ಅಂತ ಅವ್ವ ಪಾಸ್ಟರ್ ಅವರನ್ನು ಕರೆಸಿದಳು. ಅವರು ಅಜ್ಜನ ತಲೆಯ ಮೇಲೆ ಕೈಯಿಟ್ಟು ಉದ್ದ ಪ್ರಾರ್ಥನೆ ಮಾಡಿದರು. ಅಜ್ಜ ತಲೆ ಅಲ್ಲಾಡಿಸಿ, ಆ ಕೈಯನ್ನು ಮೆಲ್ಲಗೆ ಎತ್ತಿ, ಪಕ್ಕದಲ್ಲಿ ಕೂತಿದ್ದ ಸಮ್ಯಾನ ಕಿವಿಯ ಮೇಲೆ ಇಟ್ಟ. ಇದಕ್ಕಿಂತ ಸ್ಪಷ್ಟವಾಗಿ ಯಾವ ಪ್ರವಾದಿಯೂ ಮಾತಾಡಿಲ್ಲ. ಪಾಸ್ಟರ್ ಅವರು, ‘ಹಿರ್ಯಾರಿಗಿ ಮರಿಮೊಮ್ಮಗನ ಮ್ಯಾಲ ಎಷ್ಟ ಜೀವ’ ಅಂತ ಕಣ್ಣು ಒರೆಸಿಕೊಂಡು, ಕೂಸನ್ನು ಆಶೀರ್ವದಿಸಿ, ಉಪ್ಪಿಟ್ಟು ತಿಂದು ಹೋದರು.

ಕೊನೆಗೆ ಅಪ್ಪನೇ ಒಂದು ಪರೀಕ್ಷೆ ಇಟ್ಟ. ಸಮ್ಯಾ ಪಡಸಾಲೆಯಲ್ಲಿ ಬರಿಗಾಲಲ್ಲಿ ನಿಂತು ಆಡುತ್ತಿದ್ದಾಗ, ಅವನ ಬೆನ್ನ ಹಿಂದೆ ಮಗ್ಗದ ಕಬ್ಬಿಣದ ರಾಡನ್ನು ನೆಲದ ಬಂಡೆಯ ಮೇಲೆ ಧಡ್ಡನೆ ಬೀಳಿಸಿದ. ಸಮ್ಯಾ ತಿರುಗಿ ನೋಡಿದ. ಅಷ್ಟೇ ಸಾಕಾಯಿತು. ಅವ್ವ ಕೂಸನ್ನು ಎತ್ತಿ ಮುದ್ದಾಡಿದಳು, ಅಪ್ಪ ಮೀಸೆಯ ಮೇಲೆ ಕೈಯಿಟ್ಟುಕೊಂಡು ಹೊಲದ ಖಟ್ಲೆ ಗೆದ್ದವನ ಹಾಗೆ ಅಜ್ಜನನ್ನು ನೋಡಿದ. ಅಜ್ಜ ಕಣ್ಣು ಮುಚ್ಚಿಕೊಂಡ. ನನಗೂ ಒಂದು ಕ್ಷಣ, ಅಜ್ಜ ತಪ್ಪಿದನೇನೋ, ತಪ್ಪಿದ್ದರೆ ಎಷ್ಟು ಛಲೋ ಅನ್ನಿಸಿತು. ಮರುದಿನ ನಾನು ಅದೇ ರಾಡನ್ನು ಬೀಳಿಸಿದೆ, ಸಮ್ಯಾನನ್ನು ಜೋಕಾಲಿಯಲ್ಲಿ ಕೂರಿಸಿ. ತಿರುಗಲಿಲ್ಲ. ಪಾತ್ರೆ ಬಡಿದೆ, ಸೀಟಿ ಹೊಡೆದೆ, ಕ್ರಿಸ್ಮಸ್ಸಿಗೆ ಊದುವ ತುತ್ತೂರಿಯನ್ನು ಅವನ ಹಿಂದೆ ನಿಂತು ಕೆನ್ನೆ ಹರಿಯುವ ಹಾಗೆ ಊದಿದೆ. ಅವನು ಹಗ್ಗದ ಗಂಟು ಬಿಚ್ಚುತ್ತ ಕೂತಿದ್ದ. ಇಳಿಸಿ ನೆಲದ ಮೇಲೆ ನಿಲ್ಲಿಸಿ ಹಿಂದಿನಿಂದ ಕಾಲು ಅಪ್ಪಳಿಸಿದೆ. ತಿರುಗಿದ, ನಕ್ಕ. ಅವನಿಗೆ ಕೇಳಿಸುವುದು ಅಂಗಾಲಿನಿಂದ, ಅಣ್ಣಾ. ನೆಲ ನಡುಗಿದರೆ ತಿರುಗುತ್ತಾನೆ. ಮಗ್ಗದ ಮನೆಯ ನೆಲ ಯಾವಾಗ ನಡುಗುವುದಿಲ್ಲ? ಇದನ್ನು ಹೇಳಲು ಒಳಗೆ ಓಡಿದರೆ ಅವ್ವ, ‘ಮಲಕೊಂಡ ಓಣಿ ಎಬ್ಬಿಸಿ, ತುತ್ತೂರಿ ಊದಾಕ ಇದೇನ ಡಿಸೆಂಬರ ಏನಲೇ ಹುಚ್ಚಾ’ ಅಂತ ಬೈದು ತುತ್ತೂರಿ ಕಸಿದುಕೊಂಡಳು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗೋಡೆಯಾದರೂ ತಿರುಗಿ ಸಪ್ಪಳ ಮಾಡುತ್ತದೆ.

ಈಗ ನಗು ಸಾಕು. ನಿನ್ನ ಹೆಂಡತಿಯ, ನಮ್ಮ ಸಂಧ್ಯಾ ವೈನಿಯ, ಸುದ್ದಿ ಬರೆಯುತ್ತೇನೆ. ನೀನು ಇಷ್ಟು ಹೊತ್ತಾದರೂ ವೈನಿ ಏನಂದರು ಅಂತ ಕೇಳಲಿಲ್ಲ. ಇಲ್ಲಿ ಕೂಡ ಯಾರೂ ಕೇಳಲಿಲ್ಲ. ಹೋದ ವಾರ ನಾನು ಕಾಲೇಜಿನಿಂದ ಬೇಗ ಬಂದೆ. ಅವ್ವ ಅಪ್ಪ ಮಗ್ಗದ ಖೋಲಿಯಲ್ಲಿದ್ದರು. ಅಡುಗೆಮನೆಯಲ್ಲಿ ಸಮ್ಯಾ ಕಾಲು ಚಾಚಿ ಕೂತು ಡಬ್ಬಿಗೆ ಮುಚ್ಚಳ ಹೊಂದಿಸುತ್ತಿದ್ದ. ವೈನಿ ಅವನ ಬೆನ್ನ ಹಿಂದೆ ಮೊಣಕಾಲೂರಿ ಕೂತಿದ್ದರು. ಸಮ್ಯಾ ಅಂದರು. ಮತ್ತೆ ಸ್ವಲ್ಪ ಜೋರಾಗಿ, ಸಮುವೇಲಾ ಅಂದರು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಎಲ್ಲಿ ಅರಿಯದೆ ಮುಟ್ಟಿಬಿಡುತ್ತೇನೋ ಅಂತ. ಕೊನೆಗೆ ಅವನ ಹಿಂದಲೆಗೆ ಬಾಯಿ ತಂದು ಕರೆದರು. ಅವನ ಕೂದಲು ಅವರ ಉಸಿರಿಗೆ ಅಲ್ಲಾಡಿದ್ದು ನನಗೆ ಬಾಗಿಲಿನಿಂದ ಕಂಡಿತು. ಆಗ ತಿರುಗಿದ, ಉಸಿರು ತಾಗಿದ್ದಕ್ಕೆ, ತಿರುಗಿ ಅವರ ಬಾಯಿಗೆ ಒಂದು ಮುಚ್ಚಳ ಹೊಂದಿಸಿ ನೋಡಿದ. ವೈನಿ ನನ್ನನ್ನು ಕಂಡು ಎದ್ದು, ‘ಅಜಯಾ, ನೀ ಏನೂ ನೋಡಿಲ್ಲ’ ಅಂದರು. ನಾನು ಪುಸ್ತಕದ ಚೀಲ ಇಳಿಸಿ ಸಮ್ಯಾನ ಮುಂದೆ ಕೂತು, ಅವನಿಗೆ ಇನ್ನೊಂದು ಮುಚ್ಚಳ ಎತ್ತಿ ಕೊಟ್ಟೆ.

ಆಮೇಲೆ ಅವರೇ ಹೇಳಿದರು. ನಿನಗೆ ಫೋನಿನಲ್ಲಿ ಎರಡು ಸಲ ಸೂಚ್ಯವಾಗಿ ಹೇಳಿದ್ದರಂತೆ. ಅದಕ್ಕೆ ನೀನು, ಕಿವುಡನ ಅಪ್ಪ ಅಂತ ಊರ ಮಂದಿಯ ಬಾಯಿಯಿಂದ ಅನ್ನಿಸಬೇಡ, ನಾನು ದೀಪಾವಳಿಗೆ ಬಂದಾಗ ನೋಡೋಣ ಅಂದೆಯಂತೆ. ಅಪ್ಪನನ್ನು ಕೇಳಿದರೆ ನೀನು ಬಂದು ಹೇಳಬೇಕು ಅನ್ನುತ್ತಾನೆ. ಅವ್ವನನ್ನು ಕೇಳಿದರೆ ಅಪ್ಪ ಹೇಳಬೇಕು ಅನ್ನುತ್ತಾಳೆ. ಎಲ್ಲರ ಮಾತೂ ಕೊನೆಗೆ ಇಚಲಕರಂಜಿಗೆ ಬಂದು ನಿಲ್ಲುತ್ತದೆ. ನಾನು ಅಜ್ಜನ ಮೌನವನ್ನು ಅವ್ವನಿಗೆ, ಅಪ್ಪನಿಗೆ, ಗುರುಬಸವ್ವನಿಗೆ, ಬೆಕ್ಕಿಗೆ ಬಿಡಿಸಿ ಹೇಳಿದೆ. ಆದರೆ ಅಜ್ಜ ಸುಮ್ಮನೆ ಕೂತಿರುವುದು ಅವರ ಎದುರಿಗಲ್ಲ. ನಿನ್ನ ಎದುರಿಗೆ. ಸುಮ್ಮ ಕೂಡು ಅಂದವನು ನೀನು.

ಶನಿವಾರ ಜಮಖಂಡಿಯಲ್ಲಿ ಒಬ್ಬ ಕಿವಿ ಡಾಕ್ಟರರನ್ನು ನಾನೇ ಕಂಡು ಬಂದೆ. ಸಾಲಿನಲ್ಲಿ ಕೂತು, ನನ್ನ ಸರದಿ ಬಂದಾಗ ನನ್ನ ಕಿವಿಗೆ ಏನೂ ಆಗಿಲ್ಲ ಅಂದೆ. ಅವರು ಎದ್ದು ಹೋಗು ಅನ್ನಲಿಲ್ಲ, ಪೂರಾ ಕೇಳಿದರು. ಎಷ್ಟು ವಿಚಿತ್ರ ಅನ್ನಿಸಿತು ಗೊತ್ತೇ, ನಾನು ಮಾತಾಡುವಾಗ ಒಬ್ಬರು ಪೂರಾ ಕೇಳುವುದು. ಬಾಗಲಕೋಟೆಯ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟಿದ್ದಾರೆ. ಮಲಗಿದ ಕೂಸಿನ ತಲೆಗೆ ಸಣ್ಣ ವೈರು ಹಚ್ಚಿ ನೋಡುತ್ತಾರಂತೆ, ನೋವಿಲ್ಲ, ಸೂಜಿಯಿಲ್ಲ. ಮಲಗುವುದರಲ್ಲಿ ನಮ್ಮವನು ಹೇಗಿದ್ದರೂ ಮೊದಲನೆಯ ನಂಬರು. ಅದರ ಮೇಲೆ ಮಷೀನೋ, ಆಪರೇಷನ್ನೋ ಹೇಳುತ್ತಾರಂತೆ. ಆದರೆ ಮಾತು ಕಲಿಯುವ ವಯಸ್ಸು ಇದೇ, ದಾಟಿದರೆ ಯಾವ ಮಷೀನೂ ಅದನ್ನು ವಾಪಸು ತರುವುದಿಲ್ಲ, ತಡ ಮಾಡಬೇಡಿ ಅಂದರು. ಈ ಕೂಸಿನ ತಂದೆ ಎಲ್ಲಿ ಅಂತ ಕೇಳಿದರು. ದೀಪಾವಳಿಗೆ ಬರುತ್ತಾನೆ ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಶುಕ್ರವಾರ ಮುಂಜಾನೆ ಮುಧೋಳದ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸಿಗೆ ಹೊರಡಬೇಕು. ನೀನು ಗುರುವಾರ, ಆಗಸ್ಟ್ ಹದಿನೈದರ ರಜಾದಿನವೇ ಬಂದುಬಿಡು. ಅಪ್ಪನ ಎದುರಿಗೆ ಒಂದು ಮಾತು ಹೇಳಿದರೆ ಸಾಕು, ಮಿಕ್ಕ ಮಾತೆಲ್ಲ ನಾನು ಆಡುತ್ತೇನೆ. ಯೆಹೆಜ್ಕೇಲನ ನಾಲಿಗೆ ಬಿಚ್ಚಿದ್ದು ಯಾವಾಗ ನೆನಪು ಮಾಡಿಕೋ: ಊರು ಬಿದ್ದು, ಅದನ್ನು ಹೇಳಲು ಒಬ್ಬ ಓಡಿ ಬಂದಾಗ. ಆಗ ಮಾತು ಬಂದು ಏನು ಮಾಡುವುದು? ನೀನು ಊರು ಬೀಳುವ ಮೊದಲು ಓಡಿ ಬಾ. ಇದು ಕೆ.ಇ.ಬಿ. ಸಾಹೇಬರ ದನಿಯಲ್ಲ ಅಣ್ಣಾ, ನನ್ನದೇ.

ಅಪ್ಪ ಅವ್ವ ಆಶೀರ್ವಾದ ಹೇಳಿದ್ದಾರೆ. ಗುರುಬಸವ್ವ ನಿನ್ನ ಕೆಮ್ಮಿಗೆ ಜ್ಯೇಷ್ಠಮಧು ಕಟ್ಟಿಕೊಟ್ಟಿದ್ದಾಳೆ, ಬಂದಾಗ ಒಯ್ಯಿ. ಸಮ್ಯಾ ನಿನ್ನ ಫೋಟೋ ತೋರಿಸಿದರೆ ಹೆಬ್ಬೆರಳು ತುಟಿಗೆ ಇಡುತ್ತಾನೆ, ಅಪ್ಪ ಅಂದರೆ ಚಹಾ ಕುಡಿಯುವವನು ಅಂತ ಅವನ ಲೆಕ್ಕ. ಅಜ್ಜ ಏನೂ ಹೇಳಿಲ್ಲ. ಅದನ್ನೇ ನಿನಗೆ ತಿಳಿಸಿದ್ದೇನೆ.

ಇಂತಿ ನಿನ್ನ ತಮ್ಮ,
ಯಾರೂ ನಂಬದ ಸಾಕ್ಷಿ,
ಅಜಯ

ತಾ.ಕ.: ಸ್ಪೀಡ್ ಪೋಸ್ಟಿಗೆ ಒಯ್ಯಲು ಅಂಟು ಹಚ್ಚುವುದರೊಳಗೆ ಕರೆಂಟು ಹೋಯಿತು. ಓಣಿಯ ಕೂಸುಗಳೆಲ್ಲ ಶುರು ಮಾಡಿವೆ, ನಮ್ಮವನು ತೊಟ್ಟಿಲಲ್ಲಿ ಮಲಗಿದ್ದಾನೆ. ಗುರುಬಸವ್ವ ಬಾಗಿಲಿಗೆ ಬಂದು ಮತ್ತೆ ಶಾಣ್ಯಾ ಅಂದಳು. ವೈನಿ, ‘ಶಾಣ್ಯಾ ಅಲ್ಲರೀ ಗುರುಬಸವ್ವಾರ, ಅವಗ ಕೇಳಸೂದಿಲ್ಲ’ ಅಂದರು, ಅವ್ವನ ಎದುರಿಗೇ, ಅಪ್ಪನ ಎದುರಿಗೇ. ಮಗ್ಗ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. ಆಮೇಲೆ ಈ ಕಾಗದ ಇಸಿದುಕೊಂಡು ಪೂರಾ ಓದಿ, ಕೊನೆಗೆ ಒಂದು ಸಾಲು ಸೇರಿಸು ಅಂದಿದ್ದಾರೆ. ಅವರ ಮಾತಿನಲ್ಲೇ ಬರೆಯುತ್ತೇನೆ: ‘ಬರ್ರಿ. ಬರಲಿಲ್ಲಂದ್ರೂ ಶುಕ್ರವಾರ ನಾ ಹೋಗಾಕಿ.’ ಹೇಳಿ ಕೂಸಿನ ಬಟ್ಟೆ ಚೀಲಕ್ಕೆ ತುಂಬತೊಡಗಿದರು. ಅಪ್ಪ ಬೇಡ ಅನ್ನಲಿಲ್ಲ, ರಾಡು ಹಿಡಿದುಕೊಂಡು ನಿಂತೇ ಇದ್ದಾನೆ. ಕಟ್ಟೆಯ ಮೇಲಿಂದ ಅಜ್ಜ ಕೆಮ್ಮಿದ. ದನಿ ತುಕ್ಕು ಹಿಡಿದಿತ್ತು, ಎರಡು ಸಲ ಪ್ರಯತ್ನ ಮಾಡಬೇಕಾಯಿತು. ‘ಸಂಧ್ಯವ್ವಾ,’ ಅಂದ, ‘ನಂದೂ ಒಂದ ಧೋತರಾ ಚೀಲದಾಗ ಇಡು.’